ಎಡಮಂಡಿಯ ಮುದಿಕೋಶಗಳಿಗೆ ಸೋದರಮಾವನ ಮನವಿ

ಇವರಿಗೆ,
ಮುದಿ ಜೀವಕೋಶ ಮಹಾಶಯರು ಮತ್ತು ಬಳಗ,
ಎಡಮಂಡಿ, ಚಿಪ್ಪಿನ ಹಿಂಭಾಗ,
ಶಾಂತಮೂರ್ತಿಯವರ ದೇಹ, ಮುಳ್ಳೂರು, ಕೊಳ್ಳೇಗಾಲ ತಾಲ್ಲೂಕು.

ಮಾನ್ಯರೇ,

ತಮಗೆ ಸಾಷ್ಟಾಂಗ ನಮಸ್ಕಾರ ಮಾಡಿಯೇ ಈ ಪತ್ರವನ್ನು ಆರಂಭಿಸಬೇಕೆಂದಿದ್ದೆ. ಆದರೆ ಸಾಷ್ಟಾಂಗಕ್ಕೆ ಮಂಡಿ ಮಡಚಬೇಕು, ಮಂಡಿ ಮಡಚಲು ತಮ್ಮ ಅಪ್ಪಣೆ ಬೇಕು, ತಮ್ಮ ಅಪ್ಪಣೆ ಅಷ್ಟು ಸುಲಭಕ್ಕೆ ಸಿಗುವಂತಿದ್ದರೆ ಈ ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಆದಕಾರಣ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಎಡಗಾಲನ್ನು ಎದುರಿನ ಇನ್ನೊಂದು ಕುರ್ಚಿಯ ಮೇಲೆ ಚಾಚಿ, ಪಂಚೆಯನ್ನು ತಮ್ಮ ದರ್ಶನವಾಗುವಷ್ಟು ಮೇಲಕ್ಕೆ ಸರಿಸಿ, ಕೈ ಮುಗಿಯುತ್ತಿದ್ದೇನೆ. ದಯಮಾಡಿ ಇದನ್ನೇ ಸಾಷ್ಟಾಂಗವೆಂದು ಸ್ವೀಕರಿಸಬೇಕು.

ಈ ಮನವಿಯನ್ನು ಖಾಸಗಿಯಾಗಿ, ರಿಜಿಸ್ಟರ್ ಅಂಚೆಯಲ್ಲಿಯೇ ಕಳುಹಿಸುವ ಇರಾದೆ ಇತ್ತು. ಆದರೆ ಕವರಿನ ಮೇಲೆ ಕಳುಹಿಸುವವರ ಊರು, ತಲುಪಬೇಕಾದವರ ಊರು, ಕೊನೆಗೆ ಮನೆಯೂ ಒಂದೇ ಆಗಿರುವುದನ್ನು ಕಂಡ ನಮ್ಮ ಅಂಚೆಯ ಹೆಣ್ಣುಮಗಳು ನನ್ನ ಮುಖವನ್ನೊಮ್ಮೆ, ಮಂಡಿಯನ್ನೊಮ್ಮೆ ನೋಡಿ, "ಸಾ, ಇದ್ನ ನೀವೇ ಒಂದ್ಸಲ ಜೋರಾಗ್ ಓದ್ಬುಡಿ, ಅದಕ್ಕೆ ಕೇಳುಸ್ತದೆ" ಎಂದು ಕವರನ್ನು ಹಿಂದಕ್ಕೆ ಕೊಟ್ಟರು. ಜೋರಾಗಿ ಓದುವುದೇ ಆದರೆ ಊರಿನವರೂ ಕೇಳಲಿ ಎಂದು ಇದನ್ನು ಬಹಿರಂಗ ಪತ್ರ ಮಾಡಿದ್ದೇನೆ.

ನಾನು ಯಾರೆಂದು ತಮಗೆ ತಿಳಿದಿರಲಾರದು. ಬಾಡಿಗೆ ಕೊಡದೆ ವಾಸವಾಗಿರುವವರು ಮಾಲೀಕನ ಮುಖ ನೋಡುವ ಪದ್ಧತಿ ಎಲ್ಲಿಯೂ ಇಲ್ಲ. ನಾನು ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ಐವತ್ತೇಳರ ಶಾಂತಮೂರ್ತಿ. ಯಳಂದೂರಿಗೆ ಕೊಟ್ಟಿರುವ ನನ್ನ ಅಕ್ಕ ಚನ್ನಾಜಮ್ಮನವರ ಮಗಳು ನಾಗಶ್ರೀಯ ಮದುವೆ ಮುಂದಿನ ತಿಂಗಳು ಹನೂರಿನಲ್ಲಿ ನಡೆಯಲಿದೆ. ಗಂಡು ಕಾಮಗೆರೆಯವರು. ನಮ್ಮ ಮನೆತನದಲ್ಲಿ ಮದುಮಗಳು ತಾನಾಗಿ ನಡೆದು ಮಂಟಪಕ್ಕೆ ಬರುವಂತಿಲ್ಲ. ಅವಳನ್ನು ಸೋದರಮಾವ ಎತ್ತಿಕೊಂಡೇ ತರಬೇಕು. ನಾಗಶ್ರೀಗೆ ಇರುವ ಸ್ವಂತ ಸೋದರಮಾವ ನಾನೊಬ್ಬನೇ. ಸಾಲದೆಂಬಂತೆ ಹನೂರಿನ ಆ ಕಲ್ಯಾಣಮಂಟಪದಲ್ಲಿ ಮದುಮಗಳ ಕೋಣೆ ಮಹಡಿಯ ಮೇಲಿದೆ, ಧಾರೆಯ ಮಂಟಪ ಕೆಳಗಿದೆ. ಅದನ್ನು ಕಟ್ಟಿಸಿದ ಪುಣ್ಯಾತ್ಮನಿಗೆ ಸೋದರಮಾವಂದಿರೇ ಇರಲಿಲ್ಲವೋ, ಇದ್ದವರ ಮೇಲೆ ಸಿಟ್ಟಿತ್ತೋ, ಆ ಶಿವನೇ ಬಲ್ಲ.

ನಾಗಶ್ರೀಗೆ ಕಿವಿ ಚುಚ್ಚಿಸಿದ್ದು ನನ್ನ ಎಡತೊಡೆಯ ಮೇಲೆ, ಅಂದರೆ ತಮ್ಮ ಪಕ್ಕದ ಮನೆಯಲ್ಲಿಯೇ. ಅಂದು ಅವಳು ಬೀದಿಗೆಲ್ಲ ಕೇಳುವ ಹಾಗೆ ಕಿರುಚಿ ನನ್ನ ಅಂಗಿಯ ಗುಂಡಿ ಕಿತ್ತಾಗ, ಸಮಾಧಾನ ಮಾಡಲು "ಅಳಬ್ಯಾಡ ಕಣವ್ವ, ನಿನ್ ಮದ್ವೇಲಿ ಮಾವನೇ ಎತ್ಕಂಡ್ ಬತ್ತೀನಿ, ಕಾಲು ನೆಲ ಮುಟ್ಟಕ್ ಬುಡಕಿಲ್ಲ" ಎಂದು ಎಲ್ಲರ ಎದುರು ಮಾತು ಕೊಟ್ಟೆ. ಆಗ ಅವಳು ಒಂದು ಹದವಾದ ಕುಂಬಳಕಾಯಿಯಷ್ಟಿದ್ದಳು. ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಮರೆತಿಲ್ಲ. ಅವಳೂ ಕುಂಬಳಕಾಯಿಯಷ್ಟೇ ಉಳಿದಿಲ್ಲ.

ನನ್ನಿಂದ ಆಗದಿದ್ದರೆ ಆ ಗೌರವ ಉದಯಕುಮಾರನಿಗೆ ಹೋಗುತ್ತದೆ. ಇವನು ನನ್ನ ಚಿಕ್ಕಪ್ಪನ ಮಗ, ವಯಸ್ಸು ಮೂವತ್ತನಾಲ್ಕು, ವರಸೆಯಲ್ಲಿ ಅವನೂ ಸೋದರಮಾವನೇ. ದಿನವೂ ಬೈಕಿನಲ್ಲಿ ಕೊಳ್ಳೇಗಾಲದ ಜಿಮ್ಮಿಗೆ ಹೋಗಿಬರುತ್ತಾನೆ. ಕೈಗಳನ್ನು ಪಕ್ಕೆಗೆ ತಾಗಿಸದೆ, ಎರಡು ಕಂಕುಳಲ್ಲೂ ಒಂದೊಂದು ತೆಂಗಿನಕಾಯಿ ಇಟ್ಟುಕೊಂಡವನಂತೆ ನಡೆಯುತ್ತಾನೆ. ಮೊನ್ನೆ ಲಗ್ನಶಾಸ್ತ್ರದ ದಿನ ಬೀಗರ ಮುಂದೆಯೇ ನನಗೆ ಕುರ್ಚಿ ಸರಿಸಿಕೊಟ್ಟು, "ಅಣ್ಣ, ನೀವು ಸುಮ್ಕೆ ಕೂತ್ಕಂಡು ಅಕ್ಷತೆ ಆಕಿ. ಮಗೀನ ನಾನ್ ಎತ್ಕಂಡ್ ಬತ್ತೀನಿ. ಜಿಮ್ಮಲ್ಲಿ ಇದರ ಡಬಲ್ ಎತ್ತೀವ್ನಿ" ಎಂದ. ಅದಕ್ಕೆ ನಾನು ಎದ್ದು ನಿಂತು ಸರಿಯಾದ ಉತ್ತರ ಕೊಡಬೇಕೆಂದಿದ್ದೆ. ತಾವು ಏಳಲು ಬಿಡಲಿಲ್ಲ. ನೆನಪಿರಬೇಕು.

ಮಾನ್ಯರೇ, ತಮ್ಮಂಥವರು ನನ್ನೊಳಗೆ ಇದ್ದೀರೆಂಬುದೇ ನನಗೆ ಇತ್ತೀಚಿನವರೆಗೆ ಗೊತ್ತಿರಲಿಲ್ಲ. ಮಂಡಿ ನೋವನ್ನು ವಾಯು ಎಂದೇ ತಿಳಿದು ಎಣ್ಣೆ ತಿಕ್ಕುತ್ತಿದ್ದೆ. ನಾಗಶ್ರೀ ಮೈಸೂರಿನಲ್ಲಿ ಜೀವಕೋಶಗಳಿಗೆ ವಯಸ್ಸಾಗುವುದರ ಬಗ್ಗೆಯೇ ಸಂಶೋಧನೆ ಮಾಡುತ್ತಾಳೆ. ಲಗ್ನಪತ್ರಿಕೆ ಹಂಚಲು ಅಲ್ಲಿಗೆ ಹೋಗಿದ್ದಾಗ ನನ್ನನ್ನು ಒಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ, ಗಾಜಿನ ತಟ್ಟೆಯಲ್ಲಿ ಸಾಕಿದ ಕೋಶಗಳನ್ನು ತೋರಿಸಿದಳು. ಎಳೆಯ ಕೋಶಗಳು ಸಣ್ಣಗೆ, ಒತ್ತೊತ್ತಾಗಿ, ಪಂಕ್ತಿಗೆ ಕೂತವರಂತೆ ಶಿಸ್ತಾಗಿದ್ದವು. ನಡುವೆ ತಮ್ಮ ಬಳಗದವರು ಕಾವಲಿಯ ಮೇಲೆ ಹುಯ್ದ ದೋಸೆಯ ಹಾಗೆ ಹರಡಿಕೊಂಡು, ಹಾಕಿದ್ದ ಬಣ್ಣಕ್ಕೆ ಅವರಷ್ಟೇ ನೀಲಿಗಟ್ಟಿ, ಮಲೆ ಮಹದೇಶ್ವರ ಬೆಟ್ಟದ ಬಸ್ಸಿನಲ್ಲಿ ಮೂವರ ಸೀಟಿನ ಮೇಲೆ ಒಬ್ಬರೇ ಕಾಲು ಚಾಚಿ ಮಲಗಿದಂತೆ ಮೆರೆಯುತ್ತಿದ್ದರು. ನೋಡಿದ ಕೂಡಲೇ ನನ್ನ ಕೈ ತಾನಾಗಿ ಎಡಮಂಡಿಯ ಮೇಲೆ ಹೋಯಿತು.

"ಮಾವ, ಕೋಶ ಒಂದು ಎರಡಾಗಿ, ಎರಡು ನಾಕಾಗಿ ಬೆಳೀತದಲ್ಲ, ಅದು ಕೊನೇ ತನಕ ನಡಿಯಲ್ಲ. ಒಳಗಿರೋ ವರ್ಣತಂತುವಿನ ತುದಿ ಪ್ರತಿ ಸಲಾನೂ ಒಂಚೂರು ಸವೀತದೆ" ಎಂದು ಅವಳು ವಿವರಿಸಿದಳು.

ರೇಷ್ಮೆ ಸೀರೆಗೆ ಹೆಸರಾದ ಕೊಳ್ಳೇಗಾಲದ ಸೀಮೆಯವನಾದ ನಾನು, "ಸೀರೆ ಸೆರಗಿನ ಕುಚ್ಚಿನ ಥರವಾ?" ಎಂದೆ.

"ಅದೇ ಮಾವ! ಕುಚ್ಚು ಇರೋ ತನಕ ಎಳೆ ಬಿಚ್ಚಲ್ಲ. ಅದು ಸವೆದು ಮೋಟಾದ್ರೆ ಕೋಶಕ್ಕೆ ಗೊತ್ತಾಗ್ತದೆ, ಇನ್ಮೇಲೆ ಎರಡಾಗಬಾರದು ಅಂತ ನಿಂತ್ಬುಡ್ತದೆ. ಏಟು ಬಿದ್ದು ಒಳಗಿನ ಡಿಎನ್‌ಎ ಕೆಟ್ರೂ ನಿಲ್ತದೆ. ನೀವು ಕಬಡ್ಡೀಲಿ ಬಿದ್ದಿದ್ರಲ್ಲ, ಆ ಮಂಡಿ ತಾನೇ?"

ನಿಂತ ಮೇಲೆ ಜಾಗ ಖಾಲಿ ಮಾಡುವುದು ಲೋಕರೂಢಿಯಲ್ಲವೇ ಎಂದು ಕೇಳಿದೆ. ಅವಳು ನಕ್ಕಳು. "ಸುಮಾರು ಕೋಶ ಮಾಡ್ತವೆ. ಇವು ಮಾಡಲ್ಲ. ಸಾಯಲ್ಲ, ಕೆಲಸಾನೂ ಮಾಡಲ್ಲ, ಸುಮ್ನೇನೂ ಇರಲ್ಲ. ಉರಿ ಹೆಚ್ಚಿಸೋ ರಸ ಕಾರ್ತಾ ಕಾರ್ತಾ ಪಕ್ಕದಲ್ಲಿರೋ ಒಳ್ಳೇ ಕೋಶಗಳನ್ನೂ ತಮ್ಮಂಗೇ ಮಾಡ್ಕತವೆ."

ಆಹಾ, ಮಾನ್ಯರೇ! ಈ ಮಾತು ಕೇಳಿ ನನಗಾದ ರೋಮಾಂಚನವನ್ನು ಹೇಗೆ ವರ್ಣಿಸಲಿ? ದುಡಿಮೆಯನ್ನು ಬಿಟ್ಟೂ ಊಟವನ್ನು ಬಿಡದಿರುವುದು, ಮೂಲೆಯಲ್ಲಿ ಕೂತೇ ಇಡೀ ಬೀದಿಯನ್ನು ಕೆಡಿಸುವುದು, ದೇಹದ ರಕ್ಷಣೆಗಿರುವ ಕಾವಲುಗಾರ ಕೋಶಗಳು ಬಂದು ಎತ್ತಿ ಹಾಕಲು ನೋಡಿದರೆ ಅವರ ಕಣ್ಣಿಗೂ ಬೀಳದೆ ಸೀಟು ಉಳಿಸಿಕೊಳ್ಳುವುದು, ಇವೆಲ್ಲ ಸಾಮಾನ್ಯರಿಗೆ ಸಿದ್ಧಿಸುವ ವಿದ್ಯೆಗಳಲ್ಲ. ನಮ್ಮೂರ ಅರಳಿಕಟ್ಟೆಯಲ್ಲಿ ಚೌಕಾಬಾರ ಆಡುವುದನ್ನು ಬಿಟ್ಟು ಎಷ್ಟೋ ವರ್ಷವಾದರೂ, ಆಡುವವರ ಬೆನ್ನ ಹಿಂದೆ ನಿಂತು "ಆ ಕಾಯಿ ನಡೆಸ್ಲಾ, ಈ ಕಾಯಿ ನಡೆಸ್ಲಾ" ಎಂದು ಎರಡೂ ಕಡೆಯವರಿಗೆ ಜಗಳ ಹಚ್ಚುವ ಹಿರಿಯರಿದ್ದಾರೆ. ಅವರನ್ನೇ ನಾನು ಈ ಕಲೆಯ ಪರಾಕಾಷ್ಠೆ ಎಂದುಕೊಂಡಿದ್ದೆ. ಅವರು ಊಟಕ್ಕಾದರೂ ಮನೆಗೆ ಹೋಗುತ್ತಾರೆ. ತಾವು ಅದನ್ನೂ ಮಾಡುವುದಿಲ್ಲ.

ನನ್ನ ಹುಳುಮನೆಯ ಕಡೆಯಾದರೂ ತಾವು ಒಮ್ಮೆ ಬಂದು ಹೋಗಬೇಕೆಂದು ಆಸೆ. (ತಾವು ದಿನವೂ ಬರುತ್ತೀರಿ, ಕುಂಟಿಸಿಕೊಂಡೇ ಕರೆತರುತ್ತೀರಿ, ಆದರೂ ಕಣ್ಣು ಬಿಟ್ಟು ನೋಡಿದಂತಿಲ್ಲ.) ನಮ್ಮ ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಜ್ವರವೆಂದರೆ ಸೊಪ್ಪು ಬಿಟ್ಟು, ತಲೆ ಎತ್ತಿ ಕೂತು, ಹಳೆಯ ಚರ್ಮ ಕಳಚುವುದು. ಪ್ರತಿ ಜ್ವರದಿಂದಲೂ ಅದು ಹೊಸ ಚರ್ಮ ತೊಟ್ಟು ಏಳುತ್ತದೆ. ನಾನು ಪ್ರತಿ ಜ್ವರದಿಂದಲೂ ಇನ್ನಷ್ಟು ಹಳಬನಾಗಿ ಏಳುತ್ತೇನೆ. ಹಣ್ಣಾದ ಹುಳು ತಾನಾಗಿ ಸೊಪ್ಪು ಬಿಟ್ಟು, ಚಂದ್ರಿಕೆಯೆಂಬ ಬಿದಿರಿನ ತಟ್ಟಿಗೆ ಹತ್ತಿ, ಗೂಡು ಕಟ್ಟಿ, ಮರ್ಯಾದೆಯಿಂದ ಜಾಗ ತೆರವು ಮಾಡುತ್ತದೆ. ಎಲ್ಲೋ ಒಂದೆರಡು ಮಾತ್ರ ಗೂಡೂ ಕಟ್ಟದೆ, ಸಾಯದೆ, ತಟ್ಟೆಯಲ್ಲೇ ಬಿದ್ದು ಪಕ್ಕದ ಹುಳುವನ್ನೂ ಕೆಡಿಸುತ್ತವೆ. ಅವನ್ನು ನಾವು ಕಡ್ಡಿಯಲ್ಲಿ ಎತ್ತಿ ಸುಣ್ಣದ ನೀರಿಗೆ ಹಾಕುತ್ತೇವೆ. ತಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಒಬ್ಬ ರೈತನ ದಿನಚರಿಯಾಗಿ ಹೇಳಿದೆನಷ್ಟೆ.

ತಮ್ಮನ್ನು ಎತ್ತಿ ಹಾಕುವ ಕಡ್ಡಿ ನನಗೆ ಸಿಕ್ಕಿಲ್ಲವೆಂಬುದು ನಿಜ. ಅಂಥ ಔಷಧಿಗಳನ್ನು ಪ್ರಯೋಗಶಾಲೆಯ ಇಲಿಗಳಿಗೆ ಕೊಟ್ಟು ನೋಡಿದ್ದಾರಂತೆ. ಕೀಲಿನಲ್ಲಿದ್ದ ತಮ್ಮ ಬಳಗ ಖಾಲಿಯಾಗಿ ಇಲಿಗಳ ಮಂಡಿ ಸುಧಾರಿಸಿತಂತೆ. "ಮನುಷ್ಯರಿಗೆ ಇನ್ನೂ ಸರಿಯಾಗಿ ಸಾಬೀತಾಗಿಲ್ಲ ಮಾವ, ಏನೇನೋ ನುಂಗ್ಬುಟ್ಟೀರಿ" ಎಂದು ನಾಗಶ್ರೀ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. ಅಂದಿನಿಂದ ನಮ್ಮ ಅಟ್ಟದ ಮೇಲೆ ಓಡಾಡುವ ಇಲಿಗಳ ಸದ್ದು ಕೇಳಿದರೆ ನನಗೆ ಹೊಟ್ಟೆಯುರಿ. ನೋಡಿ, ಅವುಗಳಿಗೆ ಮೆಟ್ಟಿಲೂ ಬೇಡ, ಸೋದರಸೊಸೆಯೂ ಇಲ್ಲ. ಮಂಡಿ ಮಾತ್ರ ಎಷ್ಟು ಚೆನ್ನಾಗಿದೆ!

ಔಷಧಿ ಇಲ್ಲದಿದ್ದರೂ ಉಪವಾಸವಿದೆ ಎಂಬ ಆಸೆಯಿಂದ ನಾನು ಇನ್ನೊಂದು ದಾರಿ ಹಿಡಿದೆ. ಹೊಟ್ಟೆಗೆ ಏನೂ ಬೀಳದಿದ್ದಾಗ ಕೋಶಗಳು ತಮ್ಮೊಳಗಿನ ಕಸವನ್ನು ತಾವೇ ತಿಂದು ಶುದ್ಧವಾಗುತ್ತವೆಂದು ನಾಗಶ್ರೀಯೇ ಮಾತಿನ ನಡುವೆ ಹೇಳಿದ್ದಳು. ಅದು ತಮ್ಮ ಮಟ್ಟಿಗೂ ಅನ್ವಯಿಸುತ್ತದೋ ಇಲ್ಲವೋ ಎಂದು ಕೇಳುವಷ್ಟು ವ್ಯವಧಾನ ನನಗಿರಲಿಲ್ಲ. ಶಿವನ ವಾರವೂ ಆಯಿತು, ಮಂಡಿಯ ಕಸವೂ ಹೋಯಿತು ಎಂದು ಸೋಮವಾರ, ಶುಕ್ರವಾರ ಒಪ್ಪೊತ್ತು ಹಿಡಿದೆ. ನಮ್ಮ ಮನೆಯಲ್ಲಿ ಒಪ್ಪೊತ್ತಿನ ದಿನ ಅನ್ನ, ಮುದ್ದೆ ಮುಟ್ಟುವಂತಿಲ್ಲ. ಆದ್ದರಿಂದ ಬೆಳಿಗ್ಗೆ ಉಪ್ಪಿಟ್ಟು, ಅದು ಒಣಗಿದಂತಾಗದಿರಲೆಂದು ಬಾಳೆಹಣ್ಣಿನ ರಸಾಯನ, ನಡುಹಗಲಿಗೆ ತಲೆ ಸುತ್ತದಿರಲೆಂದು ಕಡಲೆಕಾಳಿನ ಉಸಲಿ, ಸಂಜೆ ತುಪ್ಪ ಬಿಟ್ಟ ಅವಲಕ್ಕಿ, ಇಡೀ ದಿನ ಉಪವಾಸವಿದ್ದ ಜೀವವೆಂದು ಮಲಗುವ ಮುನ್ನ ರವೆಉಂಡೆ. ಇಷ್ಟು ಕಠಿಣ ವ್ರತದ ಬಳಿಕ ಗೂಡು ತೂಗುವ ತಕ್ಕಡಿಯ ಮೇಲೆ ನಿಂತೆ. ತಕ್ಕಡಿ ಕೆಟ್ಟಿದೆ ಎಂದುಕೊಂಡು ಇಳಿದೆ. ನಾಗಶ್ರೀಗೆ ಫೋನು ಮಾಡಿದರೆ ಅವಳು ಪಟ್ಟಿಯನ್ನೆಲ್ಲ ಕೇಳಿ, ಸ್ವಲ್ಪ ಹೊತ್ತು ಉಸಿರೇ ಬಿಡದೆ ನಕ್ಕು, "ಮಾವ, ಇದು ಉಪವಾಸ ಅಲ್ಲ. ನೀವು ಕೋಶಗಳಿಗೆ ಬೀಗರೂಟ ಆಕುಸ್ತಿದೀರಿ" ಎಂದಳು. ಊಟ ಹೇಗಿತ್ತೆಂದು ತಾವಾದರೂ ಒಂದು ಮಾತು ತಿಳಿಸಬಹುದಿತ್ತು.

ಕೊನೆಗೆ ಉಳಿದದ್ದು ಅಭ್ಯಾಸ. ಮೊದಲು ಹಿತ್ತಿಲಿನಲ್ಲಿ ಅರ್ಧ ಮೂಟೆ ರಾಗಿ ಎತ್ತಿದೆ. ತಾವು ಹೊರಡಿಸಿದ "ಕಟಕ್" ಎಂಬ ಶಬ್ದಕ್ಕೆ ಮಲಗಿದ್ದ ನಾಯಿ ಎದ್ದು ಗೇಟಿನ ಕಡೆ ನೋಡಿ ಬೊಗಳಿತು. ಮೂಟೆಗೂ ಮದುಮಗಳಿಗೂ ಹಿಡಿತ ಬೇರೆ ಇರುತ್ತದಲ್ಲವೇ ಎಂದು ಒಳಗೆ ಹೋಗಿ ನನ್ನ ಮನೆಯಾಕೆಯಲ್ಲಿ ವಿನಯದಿಂದ ಅನುಮತಿ ಕೇಳಿದೆ. ಅವರು ಒಲೆಯ ಮೇಲಿನ ಕಣ್ಣು ತೆಗೆಯದೆ, "ಕೈಕಾಲು ನೆಟ್ಟಗಿದ್ದಾಗ ಒಂದಿನ ಎತ್ತಲಿಲ್ಲ, ಈಗ ಮಂಡಿ ಕಳಚ್ಕಂಡ್ ಮೇಲೆ ಎತ್ತಕ್ ಬಂದವ್ರೆ! ಓಗಿ ಅತ್ಲಾಗಿ, ಸಾರು ಉಕ್ತದೆ" ಎಂದರು. ಈ ಸುದ್ದಿ ಯಳಂದೂರಿನಲ್ಲಿರುವ ಅಕ್ಕ ಚನ್ನಾಜಮ್ಮನವರಿಗೆ ಹೇಗೆ ತಲುಪಿತೋ, ಸಂಜೆಯೇ ಫೋನು ಬಂತು. "ಲೇ ಶಾಂತ, ಕೈಲಾದ್ರೆ ಎತ್ತು, ಇಲ್ದಿದ್ರೆ ಆಗಕಿಲ್ಲ ಅನ್ನು. ನನ್ ಮಗಳ್ನ ಬೀಗರ ಮುಂದೆ ಉರುಳುಸ್ಬ್ಯಾಡ ಕಣಪ್ಪ. ಉದಯ ಇದಾನೆ." ಅವರ ಆ ಕೊನೆಯ ಎರಡು ಪದಗಳು, ಮಾನ್ಯರೇ, ತಮ್ಮೆಲ್ಲರ ರಸಕ್ಕಿಂತ ಹೆಚ್ಚು ಉರಿ ಹಚ್ಚಿದವು.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಬಹಳ ಸಣ್ಣವು. ಮುಹೂರ್ತದ ದಿನ ಬೆಳಿಗ್ಗೆ, ಮದುಮಗಳ ಕೋಣೆಯಿಂದ ಮಂಟಪದವರೆಗಿನ ದಾರಿಯ ಮಟ್ಟಿಗೆ ಮಾತ್ರ ತಾವು ಸಾಮೂಹಿಕ ರಜೆ ಹಾಕಬೇಕು. ರಜೆಯಲ್ಲಿ ಬೇಸರವಾಗದಂತೆ ಬಿಳಿಗಿರಿರಂಗನ ಬೆಟ್ಟಕ್ಕೆ ಪ್ರವಾಸ ಏರ್ಪಡಿಸಲು ಸಿದ್ಧನಿದ್ದೇನೆ; ಕಿಟಕಿ ಪಕ್ಕದ ಸೀಟು ತಮಗೇ. ಶಾಶ್ವತವಾಗಿ ನಿವೃತ್ತರಾಗುವ ಮನಸ್ಸಿದ್ದರೆ ನಮ್ಮ ಚಾವಡಿಯಲ್ಲಿ ಬೀಳ್ಕೊಡುಗೆ ಸಮಾರಂಭ ಇಟ್ಟು, ತಲೆಗೊಂದು ಪೇಟ, ಹೆಗಲಿಗೊಂದು ಶಾಲು, ಕೈಗೊಂದು ಹಣ್ಣಿನ ಬುಟ್ಟಿ ಕೊಟ್ಟು, ತಮ್ಮ ಸೇವೆಯನ್ನು ಕೊಂಡಾಡುವ ಭಾಷಣಕ್ಕೆ ಊರಿನ ಅತಿ ಉದ್ದ ಮಾತಾಡುವವರನ್ನೇ ಕರೆಸುತ್ತೇನೆ. ಅಷ್ಟೂ ಆಗದಿದ್ದರೆ, ಆಡಳಿತದ ಹಿತದೃಷ್ಟಿಯಿಂದ ತಾವು ಉದಯಕುಮಾರನ ದೇಹಕ್ಕೆ ವರ್ಗಾವಣೆ ಪಡೆಯುವುದನ್ನು ಪರಿಶೀಲಿಸಬೇಕು. ಅಲ್ಲಿ ಜಾಗ ವಿಶಾಲವಾಗಿದೆ. ಹೋಗಲು ಬಸ್ ಚಾರ್ಜು ನಾನೇ ಕೊಡುತ್ತೇನೆ.

ತಮ್ಮ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಬರೆಯದೆ ಮುಗಿಸಿದರೆ ನಾಗಶ್ರೀ ಕೋಪಿಸಿಕೊಳ್ಳುತ್ತಾಳೆ. ನಾನು ತಮ್ಮನ್ನು ಬೈಯುತ್ತಿದ್ದಾಗ ಅವಳು ತಡೆದು, "ಸೋಮಾರಿ ಅಂತ ಮಾತ್ರ ಅನ್ಬ್ಯಾಡಿ ಮಾವ. ಒಳಗೆಲ್ಲ ಕೆಟ್ಟಿದ್ರೂ ನಿಲ್ದೆ ಎರಡಾಗ್ತಾ ಓದ್ರೆ ಅದೇ ಮುಂದೆ ಕ್ಯಾನ್ಸರ್ ಆಗ್ಬೋದು. ಅವು ನಿಂತಿದ್ದೇ ನಿಮ್ಮನ್ನ ಕಾಪಾಡಕ್ಕೆ. ನಿಂತಿದ್ದು ತಪ್ಪಲ್ಲ, ನಿಂತ್ಮೇಲೆ ಬಿಡಲ್ಲವಲ್ಲ, ಅದೇ ಕಷ್ಟ" ಎಂದಳು. ಸರಿಯಾದ ಹೊತ್ತಿಗೆ ನಿಂತುಕೊಂಡ ತಮ್ಮ ದೊಡ್ಡತನಕ್ಕೆ ಈ ಮೂಲಕ ಕೃತಜ್ಞತೆ ಸಲ್ಲಿಸುತ್ತೇನೆ. ಇನ್ನು ಬಿಡುವ ದೊಡ್ಡತನವೊಂದು ಬಾಕಿ ಇದೆ. ಅದನ್ನೂ ತೋರಿಸಿ, ಐವತ್ತೇಳರ ಸೋದರಮಾವನೊಬ್ಬನ ಮಾನವನ್ನು ಮೆಟ್ಟಿಲ ಮೇಲೆ ಕಾಪಾಡುತ್ತೀರೆಂದು ನಂಬಿ, ಪ್ರತಿ ಹೆಜ್ಜೆಗೂ ತಮ್ಮನ್ನೇ ನೆನೆಯುವ,

ತಮ್ಮ ವಿಶ್ವಾಸಿ,
ಶಾಂತಮೂರ್ತಿ
(ಬಲಮಂಡಿಯ ಸಹಾಯದಿಂದ)

ತಾಜಾ ಕಲಂ: ಮೇಲಿನದನ್ನು ಮಂಡಿಗೆ ಮೂರು ಸಲ ಜೋರಾಗಿ ಓದಿದರೂ ತಮ್ಮಿಂದ ಉತ್ತರ ಬಾರದ ಕಾರಣ, ಮದುವೆ ಮುಗಿಸಿಕೊಂಡು ಬಂದು ಈ ನಾಲ್ಕು ಮಾತು ಸೇರಿಸುತ್ತಿದ್ದೇನೆ. ತಾವು ಅಲ್ಲಿ ಖುದ್ದು ಹಾಜರಿದ್ದಿರಿ. ಆದರೂ ತಮ್ಮ ಸಾಧನೆ ದಾಖಲಾಗಲಿ.

ನಾಗಶ್ರೀಯನ್ನು ನಾನು ಎತ್ತಿದೆ. ಇದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಮೆಟ್ಟಿಲು ತಿರುಗುವ ಕಡೆಯವರೆಗೂ ಇಳಿದೆ. ಅಲ್ಲಿ ತಾವು "ಕಟಕ್" ಎಂದಿರಿ. ಅಷ್ಟೇ. ಮುಂದಕ್ಕೆ ಕಾಲು ಬಾರದು, ಹಿಂದಕ್ಕೆ ಹೋಗುವಂತಿಲ್ಲ. ಮದುಮಗಳನ್ನು ಎದೆಗೆ ಅವುಚಿಕೊಂಡು ಕಲ್ಲಿನ ವಿಗ್ರಹದಂತೆ ನಿಂತುಬಿಟ್ಟೆ. ಕೆಳಗಿನಿಂದ ಅಕ್ಕ, "ಲೇ ಶಾಂತ, ಇಳಿಯೋ, ಇಲ್ಲಾ ಇಳಿಸೋ!" ಎಂದು ಕೂಗಿದರು. ಎರಡನ್ನೂ ಮಾಡದೆ ನಾನು ವಾಲಗದವರಿಗೆ ಮೆಲ್ಲಗೆ ಬಾರಿಸಿ ಎಂದು ಗದರಿದೆ, ಫೋಟೋದವನಿಗೆ ಕಣ್ಣಿಗೆ ಲೈಟು ಹಾಕಬೇಡ ಎಂದು ರೇಗಿದೆ, ಮೆಟ್ಟಿಲ ಮೇಲೆ ಹೂವು ಚೆಲ್ಲಿದವರು ಯಾರೆಂದು ವಿಚಾರಣೆ ಶುರು ಮಾಡಿದೆ. ಆಗ ನಾಗಶ್ರೀ ಬಾಸಿಂಗ ಸರಿಮಾಡಿಕೊಂಡು ನನ್ನ ಕಿವಿಯಲ್ಲಿ, "ಮಾವ, ಮುಂದಕ್ಕೂ ಓಯ್ತಿಲ್ಲ, ಬಿಡ್ತಾನೂ ಇಲ್ಲ, ಅಕ್ಕಪಕ್ಕದೋರಿಗೆಲ್ಲ ಉರಿ ಅಚ್ತಾ ಇದೀರಿ. ಈಗ ನೀವೇ ಆ ಕೋಶ ಆಗಿದೀರಿ" ಎಂದಳು.

ಅಷ್ಟರಲ್ಲಿ ಉದಯಕುಮಾರ ಎರಡೆರಡು ಮೆಟ್ಟಿಲು ಹಾರಿ ಬಂದ. "ಬುಡಿ ಅಣ್ಣ ಇತ್ಲಾಗಿ" ಎಂದು ಮಂಟಪಕ್ಕೆಲ್ಲ ಕೇಳುವಂತೆ ಹೇಳಿ, ಕೈ ಚಾಚಿ ಬಗ್ಗಿದ. "ಕಳಕ್" ಎಂದಿತು. ಈ ಸಲ ಸದ್ದು ತಮ್ಮದಲ್ಲ. ಬಗ್ಗಿದವನು ಬಗ್ಗಿದಂತೆಯೇ ಉಳಿದು, ಚಾಚಿದ ಕೈಗಳನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದೆ, "ಅಣ್ಣ... ಸೊಂಟ ಕಣಣ್ಣ..." ಎಂದ. ಪಕ್ಕದಲ್ಲಿರುವ ಒಳ್ಳೆಯ ಕೋಶಗಳೂ ಕೆಡುತ್ತವೆ ಎಂದು ನಾಗಶ್ರೀ ಹೇಳಿದ್ದು ಎಷ್ಟು ನಿಜ!

ಇಬ್ಬರು ಸೋದರಮಾವಂದಿರ ನಡುವೆ ಸಿಕ್ಕಿಬಿದ್ದ ಮದುಮಗಳು ಆ ಹೊತ್ತಿನಲ್ಲೂ ನಗುತ್ತ, "ಇಳಿಸಿ ಮಾವ" ಎಂದಳು. ಕಾಲು ನೆಲ ಮುಟ್ಟಲು ಬಿಡುವುದಿಲ್ಲವೆಂದಿದ್ದೆನಲ್ಲ ಎಂದೆ. ಅವಳು ನನ್ನ ಹೆಗಲ ಮೇಲಿದ್ದ ಶಲ್ಯವನ್ನು ತಾನೇ ಎಳೆದು ಕೆಳಗೆ ಬಿಟ್ಟಳು. ಅದರ ಮೇಲೆ ಇಳಿಸಿದೆ. ಹಾಗಾಗಿ ಅವಳು ಮೊದಲು ಮೆಟ್ಟಿದ್ದು ನೆಲವನ್ನಲ್ಲ, ಮಾವನ ಶಲ್ಯವನ್ನು. ಆಮೇಲೆ ಬಲಗೈಯಲ್ಲಿ ಕುಂಟುವ ನನ್ನನ್ನು, ಎಡಗೈಯಲ್ಲಿ ಬಗ್ಗಿದ ಉದಯಕುಮಾರನನ್ನು ಹಿಡಿದುಕೊಂಡು, "ನೋಡ್ಕಂಡು ಕಾಲಿಡಿ, ನೋಡ್ಕಂಡು" ಎನ್ನುತ್ತ ಮಂಟಪದವರೆಗೂ ಜೋಪಾನವಾಗಿ ಕರೆತಂದಳು. ಕಾಮಗೆರೆಯ ಬೀಗರಲ್ಲಿ ಹಿರಿಯರಾದ ಗುರುಪಾದಸ್ವಾಮಿಯವರು ಎದ್ದು ನಿಂತು ಮೆಚ್ಚುಗೆಯಿಂದ, "ನಿಮ್ ಕಡೆ ಮದುಮಗಳೇ ಸೋದರಮಾವಂದಿರ್ನ ಕರ್ಕಂಡ್ ಬತ್ತಾಳಾ? ಒಳ್ಳೆ ಪದ್ಧತಿ ಕಣ್ರಿ, ನಮ್ಮಲ್ಲಿಲ್ಲ" ಎಂದರು. ಹೌದು, ತಲೆತಲಾಂತರದಿಂದ ಬಂದದ್ದು ಎಂದೆ. ಅಕ್ಕ ನನ್ನ ಕಡೆ ಒಮ್ಮೆ ನೋಡಿ, ಕುರ್ಚಿಯೊಂದನ್ನು ಸರಿಸಿಕೊಟ್ಟರು.

ಕಡೆಯದಾಗಿ: ಉದಯಕುಮಾರನ ಸೊಂಟದಲ್ಲಿ ಹೊಸ ಶಾಖೆ ಆರಂಭವಾದಂತಿದೆ, ಹಾರ್ದಿಕ ಅಭಿನಂದನೆಗಳು. ಅಲ್ಲಿಗೆ ಅನುಭವಸ್ಥರ ಅಗತ್ಯವಿರುವುದರಿಂದ ತಾವೆಲ್ಲರೂ ಕೂಡಲೇ ಹೊರಡಬಹುದು. ಬಸ್ ಚಾರ್ಜಿನ ಮಾತು ಹಾಗೆಯೇ ಇದೆ. ತಿರುಗಿ ಬರುವ ಟಿಕೆಟ್ ಮಾತ್ರ ನನ್ನ ಜವಾಬ್ದಾರಿಯಲ್ಲ.